ನಾಳೆಯೇ ಲೋಕ ಮುಗಿಯುತ್ತೆ ಅಂದವರು ಇಷ್ಟೊಂದು ಆಸ್ಪತ್ರೆ ಕಟ್ಟಿದ್ದು ಯಾಕೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಕೃಷ್ಣರಾಜಪುರದ ಹತ್ತಿರ. ಇಲ್ಲಿ ಲೌರಿ ಶಾಲೆ ಇದೆ, ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನುವ ಪಂಗಡದವರದ್ದು. ಭಾನುವಾರ ಬಿಟ್ಟು ಶನಿವಾರ ಆರಾಧನೆ ಮಾಡುತ್ತಾರೆ. ಯೇಸು ಬೇಗ ಬರುತ್ತಾನೆ, ಈ ಲೋಕ ಮುಗಿಯುತ್ತದೆ ಅಂತ ನಂಬುವವರಂತೆ. ಹಾಗಿದ್ದರೆ ದೇಶ ದೇಶಕ್ಕೆ ಹೋಗಿ ಶಾಲೆ, ಆಸ್ಪತ್ರೆ, ಪ್ರೆಸ್ಸು ಅಂತ ನೂರು ವರ್ಷ ಬಾಳುವ ಕಟ್ಟಡ ಕಟ್ಟಿದ್ದು ಯಾಕೆ? ಇದೂ ಬ್ರಿಟಿಷರ ಇನ್ನೊಂದು ಕೈಯೇ?

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೂರು ವರ್ಷದ ಯೋಜನೆ ಅಂತ ಯಾರೂ ಕೂತು ಹಾಕಲಿಲ್ಲ. ಇವತ್ತಿನ ತೊಂದರೆಗೆ ಇವತ್ತು ಒಂದು ಸೂರು ಹಾಕಿದರು. ಲೋಕ ಮುಗಿಯಲಿಲ್ಲ, ಸೂರು ಉಳಿಯಿತು. ಬ್ರಿಟಿಷರ ಕೈಯೇ ಅನ್ನುವುದಕ್ಕೆ ಉತ್ತರ ಊರಿಂದ ಊರಿಗೆ ಬೇರೆ. ಆಫ್ರಿಕಾದ ಒಂದು ಕಡೆ ಹೌದು ಅಂತಲೇ ಹೇಳಬೇಕಾಗುತ್ತದೆ, ಪೆರು ದೇಶದಲ್ಲಿ ಪೂರ್ತಿ ಉಲ್ಟಾ.

ಈಗ ಉದ್ದದ ಉತ್ತರ. ಶುರು 1844ರಲ್ಲಿ, ಅಮೆರಿಕದಲ್ಲಿ. ವಿಲಿಯಂ ಮಿಲ್ಲರ್ ಅಂತ ಒಬ್ಬ ರೈತರು, ಬ್ಯಾಪ್ಟಿಸ್ಟ್ ಪಂಗಡದವರು. ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲಿ 2300 ದಿನ ಅಂತ ಒಂದು ಮಾತು ಬರುತ್ತದೆ. ಅದನ್ನು ವರ್ಷಗಳೆಂದು ಎಣಿಸಿ ಕ್ರಿಸ್ತನ ಎರಡನೇ ಬರುವಿಕೆ ಹತ್ತಿರವಾಗಿದೆ ಎಂದು ಸಾರಿದರು. ಕೊನೆಗೆ ಅವರ ಅನುಯಾಯಿಗಳು ಒಂದು ತಾರೀಕನ್ನೇ ಗೊತ್ತು ಮಾಡಿದರು: 1844ರ ಅಕ್ಟೋಬರ್ 22. ಹತ್ತಾರು ಸಾವಿರ ಜನ ನಂಬಿದ್ದರು. ಹೊಲದಲ್ಲಿದ್ದ ಆಲೂಗಡ್ಡೆಯನ್ನು ಕೀಳದೆ ಹಾಗೇ ಬಿಟ್ಟವರೂ ಇದ್ದರು, ಇನ್ನು ಯಾರಿಗೆ ಬೇಕು ಅಂತ. 23ನೇ ತಾರೀಕು ಎಂದಿನ ಹಾಗೇ ಬೆಳಗಾಯಿತು. ಜನ ಅತ್ತರು, ಊರವರು ನಕ್ಕರು, ಜಾಸ್ತಿ ಮಂದಿ ಬಿಟ್ಟುಹೋದರು. ಉಳಿದ ಒಂದು ಸಣ್ಣ ಗುಂಪು ತಾರೀಕು ಸರಿಯೇ, ಅವತ್ತು ಏನಾಯಿತು ಅನ್ನುವುದನ್ನು ನಾವು ತಪ್ಪು ತಿಳಿದೆವು ಎಂದು ಕೂತು ಮತ್ತೆ ಓದಿತು. ಓದುತ್ತಾ ಶನಿವಾರದ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿ ಮತ್ತು ಆರಾಧನೆಯ ದಿನ ಶನಿವಾರವೇ ಅನ್ನುವ ನಂಬಿಕೆಗೆ, ಬಂದರು. ಎಲೆನ್ ವೈಟ್ ಎಂಬ ಹುಡುಗಿಗೆ ದರ್ಶನಗಳು ಬರುತ್ತವೆ ಎಂದು ನಂಬಿದರು. 1863ರಲ್ಲಿ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಒಂದು ಸಭೆಯಾಗಿ, ಅಂದರೆ ಚರ್ಚ್ ಸಂಘಟನೆಯಾಗಿ, ಸೇರಿದಾಗ ಒಟ್ಟು ಸುಮಾರು 3,500 ಜನ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು ಅಂದುಕೊಳ್ಳಿ.

ತಮಾಷೆ ಏನು ಗೊತ್ತಾ, ಇವರಿಗೆ ಆಗ ಹೊರದೇಶಕ್ಕೆ ಹೋಗುವ ಮನಸ್ಸೇ ಇರಲಿಲ್ಲ. 1844ರ ಏಟು ತಿಂದ ಮೇಲೆ ಕೆಲವು ವರ್ಷ, ಹೊರಗಿನವರಿಗೆ ಕೃಪೆಯ ಬಾಗಿಲು ಮುಚ್ಚಿಹೋಗಿದೆ ಅಂತಲೇ ನಂಬಿದ್ದರು. ಆಮೇಲೆ ಆ ಮಾತು ಬಿಟ್ಟರು. ಆದರೂ 1859ರಲ್ಲಿ, ನಮ್ಮ ಸಂದೇಶ ಎಲ್ಲ ದೇಶಕ್ಕೂ ಹೋಗಬೇಕಲ್ಲವೇ ಅಂತ ಒಬ್ಬ ಓದುಗ ಕೇಳಿದಾಗ, ಅವರ ಪತ್ರಿಕೆಯ ಸಂಪಾದಕ ಯುರೈಯಾ ಸ್ಮಿತ್ ಕೊಟ್ಟ ಉತ್ತರದ ಧಾಟಿ ಹೀಗಿತ್ತು: ಅಮೆರಿಕದಲ್ಲಿ ಎಲ್ಲ ದೇಶದ ಜನರೂ ಬಂದು ನೆಲೆಸಿದ್ದಾರೆ, ಇಲ್ಲಿ ಸಾರಿದರೆ ಸಾಕಾಗಬಹುದು. ಮನೆಯಲ್ಲೇ ಕೂತು ಲೋಕಸಂಚಾರ!

ಆ ಆಲಸ್ಯವನ್ನು ಮುರಿದದ್ದು ಒಬ್ಬ ಹಟಮಾರಿ. ಚೆಹೋವ್ಸ್ಕಿ ಅಂತ, ಪೋಲೆಂಡಿನವರು, ಹಿಂದೆ ಕ್ಯಾಥೊಲಿಕ್ ಪಾದ್ರಿಯಾಗಿದ್ದವರು. ನನ್ನನ್ನು ಯೂರೋಪಿಗೆ ಕಳಿಸಿ ಅಂದರು, ಸಭೆ ಒಪ್ಪಲಿಲ್ಲ. 1864ರಲ್ಲಿ ಬೇರೊಂದು ಅಡ್ವೆಂಟ್ ಗುಂಪಿನ ದುಡ್ಡಿನಲ್ಲಿ ಹೊರಟೇಬಿಟ್ಟರು. ಅಲ್ಲಿ ಹೋಗಿ ಸಾರಿದ್ದು ಮಾತ್ರ ಶನಿವಾರದ ಸಬ್ಬತ್ತನ್ನೇ, ದುಡ್ಡು ಕೊಟ್ಟವರಿಗೆ ಗೊತ್ತಿಲ್ಲದ ಹಾಗೆ. ಸ್ವಿಟ್ಜರ್ಲೆಂಡಿನ ತ್ರಾಮೆಲಾನ್ ಊರಲ್ಲಿ ಒಂದು ಗುಂಪು ಕಟ್ಟಿದರು. ಅಮೆರಿಕದಲ್ಲಿ ಇಂಥದ್ದೇ ಒಂದು ಸಭೆ ಇದೆ ಅಂತ ಆ ಗುಂಪಿಗೆ ಹೇಳಿರಲೇ ಇಲ್ಲ! ಒಮ್ಮೆ ಚೆಹೋವ್ಸ್ಕಿ ಊರಲ್ಲಿಲ್ಲದಾಗ ಅವರ ಕೋಣೆಯಲ್ಲಿ ಒಂದು ಅಮೆರಿಕನ್ ಪತ್ರಿಕೆ ಸಿಕ್ಕಿತು, ಸ್ವಿಸ್ ಜನ ಅದರ ವಿಳಾಸಕ್ಕೆ ಕಾಗದ ಬರೆದರು. ಬ್ಯಾಟಲ್ ಕ್ರೀಕಿನಲ್ಲಿ ಎಲ್ಲರಿಗೂ ಆಶ್ಚರ್ಯ. ಹೀಗಾಗಿ ಇವರ ಮೊದಲ ವಿದೇಶಿ ಸಭೆಯನ್ನು ಇವರು ಕಟ್ಟಲಿಲ್ಲ, ಅದೇ ಇವರನ್ನು ಹುಡುಕಿಕೊಂಡು ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಹೀಗೇ ಆಗುತ್ತದೆ.

ಸ್ವಿಸ್ ಜನರ ಕರೆಗೆ ಸಭೆಯೇ ಅಧಿಕೃತವಾಗಿ ಕಳಿಸಿದ ಮೊದಲ ಮಿಷನರಿ ಜೆ. ಎನ್. ಆಂಡ್ರ್ಯೂಸ್. 1874ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಿಂದ ಹಡಗು ಹತ್ತಿದರು. ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು, ಜೊತೆಗಿದ್ದದ್ದು ಚಾರ್ಲ್ಸ್ ಮತ್ತು ಮೇರಿ ಎಂಬ ಇಬ್ಬರು ಮಕ್ಕಳು. ಆಂಡ್ರ್ಯೂಸ್ ಓದಿನ ಹುಳ. ಮನೆಯಲ್ಲಿ ಇನ್ನು ಫ್ರೆಂಚ್ ಮಾತ್ರ ಅಂತ ಅಪ್ಪ ಮಕ್ಕಳು ಕಾಗದದ ಮೇಲೆ ಬರೆದು ಸಹಿ ಹಾಕಿಕೊಂಡರು. 1876ರಲ್ಲಿ ಫ್ರೆಂಚ್ ಪತ್ರಿಕೆ ಶುರು ಮಾಡಿದರು. ಕೈಯಲ್ಲಿ ದುಡ್ಡಿಲ್ಲ, ಊಟ ಅಷ್ಟಕ್ಕಷ್ಟೆ. ಪ್ರೂಫ್ ತಿದ್ದುತ್ತಿದ್ದ ಮಗಳು ಕ್ಷಯ ಬಂದು 1878ರಲ್ಲಿ ಹೋದಳು, ಹದಿನೇಳು ವರ್ಷ. 1883ರಲ್ಲಿ ಅದೇ ಕಾಯಿಲೆಗೆ ಅಪ್ಪನೂ ಹೋದರು, ಬಾಸೆಲ್ ಊರಿನಲ್ಲಿ.

ಬಾಸೆಲ್ ಅಂದ ಕೂಡಲೇ ನಮಗೆ ಮಂಗಳೂರು ನೆನಪಾಗಬೇಕು. ಆಂಡ್ರ್ಯೂಸ್ ಅಲ್ಲಿಗೆ ಹೋಗುವ ನಲವತ್ತು ವರ್ಷ ಮೊದಲೇ, 1834ರಲ್ಲಿ, ಅದೇ ಊರಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದಿದ್ದರು. ಎರಡೂ ಬೇರೆ ಬೇರೆ, ಸಂಬಂಧ ಇಲ್ಲ. ಆದರೆ ನಿಮ್ಮ ಪ್ರಶ್ನೆಗೆ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಒಳ್ಳೆಯ ಕೀಲಿ. ಕ್ರೈಸ್ತನಾದವನನ್ನು ಮನೆಯವರು, ಜಾತಿಯವರು ಹೊರಹಾಕಿದರೆ ಅವನ ಹೊಟ್ಟೆಪಾಡು ಏನು? ಅದಕ್ಕೇ ಅವರು ನೇಯ್ಗೆ, ಹಂಚು ಅಂತ ಕೆಲಸ ಕೊಟ್ಟರು. ಅಡ್ವೆಂಟಿಸ್ಟರದ್ದೂ ಇದೇ ಕಷ್ಟ, ಒಂದು ಕೈ ಜಾಸ್ತಿ: ಶನಿವಾರ ಕೆಲಸ ಮಾಡದವನನ್ನು ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ? ಶನಿವಾರ ಪರೀಕ್ಷೆಗೆ ಬರದ ಹುಡುಗನಿಗೆ ಯಾವ ಶಾಲೆ? ನಿಮ್ಮದೇ ಶಾಲೆ, ನಿಮ್ಮದೇ ಆಸ್ಪತ್ರೆ, ನಿಮ್ಮದೇ ಪ್ರೆಸ್ ಇದ್ದರೆ ಆ ಜಗಳವೇ ಇಲ್ಲ. ಎಲೆನ್ ವೈಟ್ ಆರೋಗ್ಯದ ವಿಷಯಕ್ಕೂ ತುಂಬಾ ಒತ್ತು ಕೊಟ್ಟರು, ಮಾಂಸ ಕಡಿಮೆ ಮಾಡಿ, ಹೊಗೆಸೊಪ್ಪು ಹೆಂಡ ಬಿಡಿ ಅಂತ. 1866ರಲ್ಲೇ ಬ್ಯಾಟಲ್ ಕ್ರೀಕಿನಲ್ಲಿ ಒಂದು ಆರೋಗ್ಯಧಾಮ ತೆರೆದರು. ಅದನ್ನು ಜಗತ್ತಿಗೇ ಹೆಸರು ಮಾಡಿದವರು ಡಾಕ್ಟರ್ ಜಾನ್ ಹಾರ್ವೆ ಕೆಲ್ಲಾಗ್. ನಮ್ಮ ಮನೆಗಳಲ್ಲಿ ಬೆಳಗ್ಗೆ ಹಾಲಿಗೆ ಹಾಕಿಕೊಳ್ಳುವ ಕಾರ್ನ್‌ಫ್ಲೇಕ್ಸ್ ಆ ಆರೋಗ್ಯಧಾಮದ ಅಡುಗೆಮನೆಯಿಂದ ಬಂದ ಪದಾರ್ಥ. ಮುಂದೆ ಕೆಲ್ಲಾಗರಿಗೂ ಸಭೆಗೂ ಜಗಳವಾಗಿ 1907ರಲ್ಲಿ ಅವರನ್ನು ಹೊರಹಾಕಿದ್ದು ಬೇರೆ ಕಥೆ.

ಶಾಂತಸಾಗರದ ಭಾಗವನ್ನು ನಾನು ಸುಮ್ನೆ ಬಿಡಲಾರೆ, ಅಷ್ಟು ಸ್ವಾರಸ್ಯ ಇದೆ. ಪಿಟ್‌ಕೇರ್ನ್ ಅಂತ ಒಂದು ಪುಟ್ಟ ದ್ವೀಪ. ಬೌಂಟಿ ಎಂಬ ಹಡಗಿನಲ್ಲಿ ದಂಗೆ ಎದ್ದು ಓಡಿಹೋದ ನಾವಿಕರ ಮಕ್ಕಳು ಮರಿಮಕ್ಕಳು ಅಲ್ಲಿದ್ದರು. 1876ರಲ್ಲಿ ಯಾರೋ ಒಂದು ಪೆಟ್ಟಿಗೆ ತುಂಬ ಅಡ್ವೆಂಟಿಸ್ಟ್ ಪುಸ್ತಕ ಕಳಿಸಿದ್ದರು, ಅದು ಹತ್ತು ವರ್ಷ ಸುಮ್ಮನೆ ಬಿದ್ದಿತ್ತು. 1886ರಲ್ಲಿ ಜಾನ್ ಟೇ ಎಂಬ ಹಡಗಿನ ಬಡಗಿ ಅಲ್ಲಿ ಇಳಿದು ಐದು ವಾರ ಇದ್ದು ಬೈಬಲ್ ಓದಿಸಿದರು, ಇಡೀ ದ್ವೀಪ ಶನಿವಾರಕ್ಕೆ ಬಂತು. ಅಮೆರಿಕದ ಸಬ್ಬತ್ ಶಾಲೆಯ (ಶನಿವಾರ ಚರ್ಚಿನಲ್ಲಿ ನಡೆಯುವ ಬೈಬಲ್ ಪಾಠ) ಮಕ್ಕಳು ಚಿಲ್ಲರೆ ಕೂಡಿಹಾಕಿ ಕೊಟ್ಟ ದುಡ್ಡೂ ಸೇರಿ ಒಂದು ಹಡಗು ಕಟ್ಟಿದರು, ಅದಕ್ಕೆ ಪಿಟ್‌ಕೇರ್ನ್ ಅಂತಲೇ ಹೆಸರು. 1890ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಆ ಮಕ್ಕಳಿಗೆ ನಮ್ಮ ಹಡಗು ಈಗ ಎಲ್ಲಿದೆ ಅನ್ನುವ ಕುತೂಹಲ. ಮಿಷನ್ನಿಗೆ ಕಾಸು ಕೊಡುವ ಅಭ್ಯಾಸ ಈ ಪಂಗಡದಲ್ಲಿ ಇಷ್ಟು ಗಟ್ಟಿಯಾಗಲು ಆ ಹಡಗು ಮಾಡಿದಷ್ಟು ಯಾವ ಉಪದೇಶವೂ ಮಾಡಲಿಲ್ಲ ಅಂತ ನನ್ನ ಲೆಕ್ಕ.

ಅಲ್ಲೇ ಹತ್ತಿರ ಟೊಂಗಾ ದ್ವೀಪಗಳಿವೆ. ಅಲ್ಲಿನ ಅಡ್ವೆಂಟಿಸ್ಟರು ಆರಾಧನೆಗೆ ಸೇರುವುದು ಭಾನುವಾರ! ತಾರೀಕು ಬದಲಾಗುವ ಗೆರೆ 180 ಡಿಗ್ರಿ ರೇಖಾಂಶದ ಮೇಲೆ ನೇರವಾಗಿ ಹೋಗಿದ್ದರೆ ಟೊಂಗಾದಲ್ಲಿ ಅವತ್ತು ಶನಿವಾರ. ಸರ್ಕಾರ ಗೆರೆಯನ್ನು ಬಾಗಿಸಿಕೊಂಡು ಅದನ್ನು ಭಾನುವಾರ ಅಂತ ಕರೆಯುತ್ತದೆ, ಅಷ್ಟೆ. 2011ರ ಕೊನೆಯಲ್ಲಿ ಸಮೋವಾ ದೇಶ ಒಂದು ದಿನವನ್ನೇ ಹಾರಿಸಿ ಗೆರೆಯ ಈಚೆಗೆ ಬಂದಾಗ ಅಲ್ಲಿಯೂ ಇದೇ ತಲೆನೋವು.

ಎಲೆನ್ ವೈಟ್ 1891ರಿಂದ 1900ರವರೆಗೆ ಆಸ್ಟ್ರೇಲಿಯಾದಲ್ಲೇ ಇದ್ದರು. ಅಲ್ಲಿ 1897ರಲ್ಲಿ ಏವಂಡೇಲ್ ಶಾಲೆ ಶುರುವಾಯಿತು, ಮರುವರ್ಷ ಸ್ಯಾನಿಟೇರಿಯಂ ಎಂಬ ಆಹಾರದ ಕಂಪನಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿರುವ ಕನ್ನಡದವರನ್ನು ಕೇಳಿ, ವೀಟ್-ಬಿಕ್ಸ್ ಅನ್ನುವ ಗೋಧಿಯ ತಿಂಡಿ ಗೊತ್ತಾ ಅಂತ. ಅದನ್ನು ಮಾಡುವ ಕಂಪನಿ ಇವತ್ತಿಗೂ ಪೂರ್ತಿ ಚರ್ಚಿನದ್ದು.

ಈಗ ನಿಮ್ಮ ಕಷ್ಟದ ಪ್ರಶ್ನೆ. ಆಳುವವರ ಕೈ ಇತ್ತೇ? ಇಂದಿನ ಜಿಂಬಾಬ್ವೆಯ ಬುಲವಾಯೊ ಊರಿನ ಹತ್ತಿರ ಸೊಲುಸಿ ಅಂತ ಒಂದು ಜಾಗ. 1893ರಲ್ಲಿ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಕಂಪನಿ ಎಂಡೆಬೆಲೆ ದೊರೆ ಲೊಬೆಂಗುಲನನ್ನು ಸೋಲಿಸಿ ಆ ನೆಲ ಕಿತ್ತುಕೊಂಡಿತ್ತು. 1894ರಲ್ಲಿ ಅಡ್ವೆಂಟಿಸ್ಟರು ಎತ್ತಿನ ಬಂಡಿಯಲ್ಲಿ ಹೋಗಿ ಆ ಕಂಪನಿಯನ್ನು ಕೇಳಿದರು, ಸುಮಾರು 12,000 ಎಕರೆ ಸಿಕ್ಕಿತು. ಯಾರ ನೆಲ, ಯಾರು ದಾನ ಕೊಟ್ಟದ್ದು ನೋಡಿ. ಸಭೆಯೊಳಗೂ ದೊಡ್ಡ ವಾದ ನಡೆಯಿತು, ಆದರೆ ವಾದದ ವಿಷಯ ಬೇರೆ. ಸರ್ಕಾರ ಮತ್ತು ಧರ್ಮ ಬೇರೆ ಬೇರೆ ಇರಬೇಕು ಅನ್ನುವವರು ನಾವು, ಸರ್ಕಾರದಂಥ ಕಂಪನಿಯಿಂದ ಪುಕ್ಕಟೆ ತೆಗೆದುಕೊಳ್ಳಬಹುದೇ ಅಂತ. ತೆಗೆದುಕೊಳ್ಳಿ ಅಂತ ಎಲೆನ್ ವೈಟ್ ಆಸ್ಟ್ರೇಲಿಯಾದಿಂದ ಬರೆದರು. ಆ ನೆಲದಿಂದ ಒಕ್ಕಲೆದ್ದವರ ಕಡೆಯಿಂದ ಯೋಚನೆ ಮಾಡಿದ್ದು ಆ ವಾದದಲ್ಲಿ ನನಗೆ ಕಾಣುವುದಿಲ್ಲ. 1896ರಲ್ಲಿ ಎಂಡೆಬೆಲೆ ಜನ ದಂಗೆ ಎದ್ದರು, ದನಗಳಿಗೆ ರೋಗ ಬಂತು, ಬರ ಬಂತು, ಮಿಷನರಿಗಳಲ್ಲೂ ಹಲವರು ಮಲೇರಿಯಾಕ್ಕೆ ಸತ್ತರು. ಇವತ್ತು ಸೊಲುಸಿ ಒಂದು ವಿಶ್ವವಿದ್ಯಾಲಯ, ಆಫ್ರಿಕನ್ನರೇ ನಡೆಸುತ್ತಾರೆ. ಎರಡೂ ನಿಜ.

ಪೆರುವಿನ ಕಥೆಗೆ ಬರೋಣ, ನನಗೆ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದದ್ದು ಇದೇ. ಟಿಟಿಕಾಕಾ ಸರೋವರ, ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದಲ್ಲಿ. ಸುತ್ತ ಐಮಾರ, ಕೆಚುವ ಜನ. ಅವರಿಗೆ ಓದು ಬರಹ ಇಲ್ಲ. ಜಮೀನ್ದಾರ ಕಾಗದ ತೋರಿಸಿ ಇದು ನನ್ನ ಹೊಲ ಅಂದರೆ ಮುಗೀತು, ಕಾಗದದಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಬಿಟ್ಟಿ ಚಾಕರಿ ಬೇರೆ. ಹಬ್ಬ ಮಾಡಿಸುವ ಸರದಿ ಬಂದವನು ಹೆಂಡದ ಖರ್ಚಿಗೇ ಸಾಲಗಾರನಾಗುತ್ತಿದ್ದ. ಬಿಟ್ಟಿ ಚಾಕರಿ, ಹೆಬ್ಬೆಟ್ಟು, ಸಾಲ: ನಮ್ಮ ಹಳ್ಳಿಗಳ ಹಳೆಯ ಕಥೆ ಗೊತ್ತಿರುವವರಿಗೆ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ.

ಅಲ್ಲಿ ಮಾನುಯೆಲ್ ಕಮಾಚೊ ಎಂಬ ಐಮಾರ ಮನುಷ್ಯ ಹೊರಗೆ ಹೋಗಿ ಓದು ಕಲಿತು ಬಂದವರು. 1902ರ ಹೊತ್ತಿಗೆ ಪ್ಲಾಟೆರಿಯ ಎಂಬ ಕಡೆ ತಮ್ಮವರಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದರು. ಇಂಡಿಯನ್ (ಅಲ್ಲಿನ ಮೂಲನಿವಾಸಿಗಳನ್ನು ಹಾಗೆ ಕರೆಯುತ್ತಿದ್ದರು) ಓದಿದರೆ ದುಡಿಯುವವರು ಯಾರು ಅಂತ ದೊಡ್ಡವರಿಗೆ ಸಿಟ್ಟು. ಕಮಾಚೊ ಬೆಂಬಲಕ್ಕೆ ಹುಡುಕುತ್ತಾ ಅಡ್ವೆಂಟಿಸ್ಟರನ್ನು ಕಂಡುಕೊಂಡರು. ಅತ್ತ ಫರ್ಡಿನೆಂಡ್ ಸ್ಟಾಲ್ ಮತ್ತು ಆನಾ ಸ್ಟಾಲ್ ಅಂತ ದಂಪತಿ, ಇಬ್ಬರೂ ನರ್ಸ್ ತರಬೇತಿ ಆದವರು, 1909ರಲ್ಲಿ ತಮ್ಮ ಖರ್ಚಿನಲ್ಲೇ ದಕ್ಷಿಣ ಅಮೆರಿಕಕ್ಕೆ ಬಂದಿದ್ದರು. 1911ರಲ್ಲಿ ಕಮಾಚೊ ಹಾಕಿದ್ದ ಬುನಾದಿಗೆ ಇವರು ಹೋಗಿ ಸೇರಿದರು. ಗಾಯ ಕಟ್ಟಿದರು, ಔಷಧಿ ಕೊಟ್ಟರು, ಸೋಪು ಹಚ್ಚಿ ಸ್ನಾನ ಮಾಡುವುದನ್ನು ಕಲಿಸಿದರು, ಶಾಲೆ ದೊಡ್ಡದಾಯಿತು. ಮಿಷನರಿ ಬಂದು ಶಾಲೆ ತೆರೆದ ಅಂತ ನಾವು ಓದುತ್ತೇವೆ. ಅಲ್ಲಿ ಶಾಲೆ ಮೊದಲು ಬಂತು, ಮಿಷನರಿ ಆಮೇಲೆ.

1913ರ ಮಾರ್ಚಿನಲ್ಲಿ ಪುನೊ ಊರಿನ ಕ್ಯಾಥೊಲಿಕ್ ಬಿಷಪ್ ಕುದುರೆ ಏರಿ ಸುಮಾರು ಇನ್ನೂರು ಜನರ ಗುಂಪು ಕಟ್ಟಿಕೊಂಡು ಬಂದರು. ಸ್ಟಾಲ್ ಮನೆಯಲ್ಲಿರಲಿಲ್ಲ. ಗುಂಪು ಮಿಷನ್ ಮನೆಗೆ ನುಗ್ಗಿತು. ಮಂಡಿಯೂರಿ ಅಂದರೆ ಇಂಡಿಯನ್ನರು ಊರಲಿಲ್ಲ. ಕಮಾಚೊ ಮತ್ತು ಇನ್ನು ಕೆಲವರನ್ನು ಕಟ್ಟಿಕೊಂಡು ಪುನೊ ಜೈಲಿಗೆ ನಡೆಸಿಕೊಂಡು ಹೋದರು, ಮೂವತ್ತು ಕಿಲೋಮೀಟರಿಗೂ ಜಾಸ್ತಿ ದಾರಿ. ಇದು ಪತ್ರಿಕೆಗಳಲ್ಲಿ ಬಂತು, ರಾಜಧಾನಿ ಲಿಮಾದ ಉದಾರವಾದಿಗಳು ಎದ್ದುನಿಂತರು. ಪೆರುವಿನ ಸಂವಿಧಾನದ 4ನೇ ವಿಧಿಯಲ್ಲಿ, ಕ್ಯಾಥೊಲಿಕ್ ಧರ್ಮ ಬಿಟ್ಟು ಬೇರೆ ಯಾವುದರ ಬಹಿರಂಗ ಆಚರಣೆಗೂ ಅವಕಾಶವಿಲ್ಲ ಅಂತ ಇತ್ತು. ಆ ಸಾಲನ್ನು 1915ರ ನವೆಂಬರಿನಲ್ಲಿ ತೆಗೆದುಹಾಕಿದರು. ಅಧ್ಯಕ್ಷರು ಸಹಿ ಹಾಕಲಿಲ್ಲ, ಸಂಸತ್ತೇ ಜಾರಿ ಮಾಡಿತು. ಒಂದು ಹಳ್ಳಿಶಾಲೆಯ ಜಗಳ ದೇಶದ ಸಂವಿಧಾನ ತಿದ್ದುವವರೆಗೆ ಹೋಯಿತು.

ಆಮೇಲೆ ಶಾಲೆ ಕೊಡಿ ಅಂತ ಊರು ಊರಿನಿಂದ ಜನ. ಸ್ಟಾಲ್ ತಾವೇ ಬರೆದ ಒಂದು ಪ್ರಸಂಗ ಇದೆ. ದೂರದ ಒಂದು ಊರಿನ ಮುಖ್ಯಸ್ಥ ಬಂದು ನಮಗೂ ಮೇಷ್ಟ್ರು ಬೇಕು ಅಂದ. ಕಳಿಸಲು ಆಗ ಯಾರೂ ಇರಲಿಲ್ಲ. ಬರುವವನು ನಿಮ್ಮ ಮನುಷ್ಯನೇ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ ಮುಖ್ಯಸ್ಥ ಕೇಳಿದ, ಮೋಸ ಹೋಗಿ ಹೋಗಿ ರೂಢಿಯಾಗಿತ್ತಲ್ಲ. ಸ್ಟಾಲ್ ಒಂದು ಕಲ್ಲನ್ನು ಎರಡು ಹೋಳು ಮಾಡಿ ಅರ್ಧ ಅವನ ಕೈಗಿಟ್ಟರು. ಬರುವ ಮೇಷ್ಟ್ರು ಉಳಿದರ್ಧ ತರುತ್ತಾನೆ ಅಂದರು. ಬಹಳ ಕಾಲ ಕಳೆದ ಮೇಲೆ ಮೇಷ್ಟ್ರು ಹೋದರು, ಕಲ್ಲು ಕೂಡಿತು. ಓದು ಬಾರದ ಜನ ಕಾಗದವನ್ನು ನಂಬುವ ಹಾಗಿಲ್ಲ, ಕಲ್ಲು ಸುಳ್ಳು ಹೇಳುವುದಿಲ್ಲ. 1920ರ ದಶಕದಲ್ಲಿ ಸರೋವರದ ಸುತ್ತ ಇಂಥ ಶಾಲೆಗಳು ಹತ್ತಾರು ಆಗಿದ್ದವು.

ಚೀನಾದ್ದು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಡಾಕ್ಟರ್ ಹ್ಯಾರಿ ಮಿಲ್ಲರ್ 1903ರಲ್ಲಿ ಹೋದವರು, ಗಳಗಂಡದ ಶಸ್ತ್ರಚಿಕಿತ್ಸೆಗೆ ಹೆಸರಾದರು, ಶಾಂಘೈನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿದರು, ಮಕ್ಕಳಿಗೆ ಸೋಯಾ ಹಾಲು ಮಾಡುವ ಘಟಕವನ್ನೂ. ಘಟಕ ಜಪಾನಿನ ಯುದ್ಧದಲ್ಲಿ ಹೋಯಿತು, ಉಳಿದದ್ದು 1949ರ ನಂತರ ಕೈತಪ್ಪಿತು. ಕಟ್ಟಡ ಹೋದ ಮೇಲೂ ಮನೆಗಳಲ್ಲಿ ಶನಿವಾರ ಸೇರುವವರು ಉಳಿದರು.

ನಮ್ಮ ದೇಶಕ್ಕೆ ಮೊದಲು ಬಂದವರು ಪಾದ್ರಿಗಳಲ್ಲ, ಪುಸ್ತಕ ಮಾರುವವರು. ಲೆಂಕರ್ ಮತ್ತು ಸ್ಟ್ರೂಪ್ ಅಂತ ಇಬ್ಬರು 1893ರಲ್ಲಿ ಮದ್ರಾಸಿನಲ್ಲಿ ಇಳಿದು ಇಂಗ್ಲಿಷ್ ಬಲ್ಲವರ ಮನೆ ಮನೆಗೆ ಹೋದರು. 1895ರ ಜನವರಿಯಲ್ಲಿ ಜಾರ್ಜಿಯಾ ಬರಸ್ ಎಂಬ ಹೆಣ್ಣುಮಗಳು ಒಬ್ಬಳೇ ಕಲ್ಕತ್ತಕ್ಕೆ ಬಂದರು, ಬಂಗಾಳಿ ಕಲಿತರು, ಹೊರಗೆ ಬಾರದ ಹೆಂಗಸರ ಒಳಮನೆಗಳಿಗೆ ಹೋಗಿ ಪಾಠ ಹೇಳಿದರು. ಅವರ ಹಿಂದೆ ಬಂದ ರಾಬಿನ್ಸನ್ ಇಂದಿನ ಜಾರ್ಖಂಡಿನ ಕರ್ಮಾಟಾರಿನಲ್ಲಿ 1899ರಲ್ಲಿ ಸಿಡುಬಿಗೆ ಸತ್ತರು. ತಮಿಳುನಾಡಿನ ಪ್ರಕಾಶಪುರದಲ್ಲಂತೂ ಮತ್ತೆ ಅದೇ ತ್ರಾಮೆಲಾನಿನ ಕಥೆ. ಆಂಗ್ಲಿಕನ್ ಮಿಷನ್ನಿನಿಂದ ಒಡೆದು ಬೇರೆಯಾಗಿದ್ದ ಒಂದು ನಾಡಾರ್ ಕ್ರೈಸ್ತ ಗುಂಪು ಅಡ್ವೆಂಟಿಸ್ಟರ ಹೆಸರೂ ಕೇಳದೆ ದಶಕಗಳಿಂದ ಶನಿವಾರವನ್ನೇ ಪಾಲಿಸುತ್ತಿತ್ತು! 1908ರಲ್ಲಿ ಜೇಮ್ಸ್ ಎಂಬ ಮಿಷನರಿ ಅಲ್ಲಿ ಹೋಗಿ ನೆಲೆಸಿದರು.

ನಿಮ್ಮ ಊರಿನ ವಿಷಯ. 1915ರಲ್ಲಿ ಕೊಯಮತ್ತೂರಿನಲ್ಲಿ ಕೆಲಸಗಾರರನ್ನು ತಯಾರು ಮಾಡಲು ಒಂದು ಪುಟ್ಟ ಶಾಲೆ ಶುರುವಾಯಿತು. 1917ರಲ್ಲಿ ಅದು ಬೆಂಗಳೂರಿಗೆ ಬಂತು, ಮುಂದೆ ಕೃಷ್ಣರಾಜಪುರಕ್ಕೆ. 1937ರಲ್ಲಿ ವಿಲಿಯಂ ಸ್ಪೈಸರ್ ಎಂಬ ಹಳೆಯ ಮಿಷನರಿಯ ಹೆಸರಿಟ್ಟರು, 1942ರಲ್ಲಿ ಪುಣೆಗೆ ಸಾಗಿಸಿದರು. ಈಗ ಅದೇ ಸ್ಪೈಸರ್ ವಿಶ್ವವಿದ್ಯಾಲಯ. ಇವರ ದಕ್ಷಿಣ ಏಷ್ಯಾ ವಿಭಾಗದ ಮುಖ್ಯ ಕಚೇರಿಯೂ ನಿಮಗೆ ದೂರವಿಲ್ಲ, ಹೊಸೂರಿನಲ್ಲಿದೆ.

ಒಂದು ಕಹಿ ವಿಷಯ ಹೇಳದಿದ್ದರೆ ಈ ಉತ್ತರ ಪ್ರಚಾರದ ಕರಪತ್ರ ಆಗುತ್ತದೆ. ಆಫ್ರಿಕಾದ ರುವಾಂಡ ದೇಶದ ಮುಗೊನೆರೊ, ಅಡ್ವೆಂಟಿಸ್ಟರ ಚರ್ಚು, ಆಸ್ಪತ್ರೆ ಎಲ್ಲ ಇದ್ದ ಜಾಗ. 1994ರ ಏಪ್ರಿಲಿನಲ್ಲಿ, ಆ ದೇಶದ ಅಲ್ಪಸಂಖ್ಯಾತ ತುತ್ಸಿ ಜನರ ನರಮೇಧ ನಡೆಯುತ್ತಿದ್ದಾಗ, ಪ್ರಾಣ ಉಳಿಸಿಕೊಳ್ಳಲು ಅವರು ಅಲ್ಲಿ ಬಂದು ಸೇರಿದ್ದರು, ಅಲ್ಲೇ ಅವರನ್ನು ಕೊಂದರು. ಆ ಪ್ರದೇಶದ ಸಭೆಯ ಮುಖ್ಯಸ್ಥರಾಗಿದ್ದ ಪಾಸ್ಟರ್ ಎಲಿಜಫಾನ್ ಎನ್‌ಟಾಕಿರುಟಿಮಾನ ನರಮೇಧಕ್ಕೆ ನೆರವಾದರು ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಹತ್ತು ವರ್ಷ ಶಿಕ್ಷೆ ಕೊಟ್ಟಿತು, ಅಲ್ಲಿನ ಆಸ್ಪತ್ರೆಯ ಡಾಕ್ಟರಾಗಿದ್ದ ಅವರ ಮಗನಿಗೆ ಇಪ್ಪತ್ತೈದು. ಕೊಂದವರಲ್ಲೂ ಸತ್ತವರಲ್ಲೂ ಅಡ್ವೆಂಟಿಸ್ಟರಿದ್ದರು. ಸಂಸ್ಥೆ ಗಟ್ಟಿಯಾಗಿ ಕಟ್ಟಿದ್ದರು, ಅದರೊಳಗಿನ ಜನ ಏನಾಗಿದ್ದರು ಅನ್ನುವುದು ಬೇರೆ.

ಈ ಎಲ್ಲಕ್ಕೂ ದುಡ್ಡು ಎಲ್ಲಿಂದ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸದಸ್ಯರು ಆದಾಯದಲ್ಲಿ ಹತ್ತರಲ್ಲಿ ಒಂದು ಪಾಲು, ದಶಮಾಂಶ, ಕೊಡುತ್ತಾರೆ. ಅದು ಊರಿನ ಚರ್ಚಿನಲ್ಲಿ ಉಳಿಯದೆ ಮೇಲಕ್ಕೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತದೆ. 1901ರಲ್ಲಿ ಸಭೆಯ ಆಡಳಿತವನ್ನೇ ಬದಲಾಯಿಸಿ ಪ್ರತಿ ಪ್ರದೇಶಕ್ಕೂ ಅದರದ್ದೇ ಸಮಿತಿ ಕೊಟ್ಟರು. ಅದರ ಮಾದರಿ ಹುಟ್ಟಿದ್ದು ಅಮೆರಿಕದಲ್ಲಲ್ಲ, ಆಸ್ಟ್ರೇಲಿಯಾದಲ್ಲಿ, ಬ್ಯಾಟಲ್ ಕ್ರೀಕಿಗೆ ಕಾಗದ ಬರೆದು ಅಪ್ಪಣೆಗೆ ಕಾದು ಕಾದು ಬೇಸತ್ತವರ ಕೈಯಲ್ಲಿ. ಇವತ್ತು ಸದಸ್ಯರು 2 ಕೋಟಿ ದಾಟಿದ್ದಾರೆ, ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಮಂದಿ ಉತ್ತರ ಅಮೆರಿಕದ ಹೊರಗಿನವರು. ಅದರ ಪರಿಣಾಮ 2015ರಲ್ಲಿ ಚೆನ್ನಾಗಿ ಕಂಡಿತು. ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುವುದನ್ನು ಆಯಾ ಪ್ರದೇಶ ತಾನೇ ತೀರ್ಮಾನಿಸಲಿ ಎಂಬ ಪ್ರಸ್ತಾಪಕ್ಕೆ ಜಾಗತಿಕ ಅಧಿವೇಶನದಲ್ಲಿ 977 ಮತ ಪರ, 1,381 ವಿರೋಧ ಬಿತ್ತು. ಅಮೆರಿಕದಲ್ಲಿ ಅದನ್ನು ಬಯಸಿದ್ದವರು ತುಂಬಾ ಇದ್ದರು. ಆದರೆ ಅಲ್ಲಿ ಕೂತ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಹಿಂದೊಮ್ಮೆ ಇವರೇ ಮಿಷನರಿ ಕಳಿಸಿದ್ದ ದೇಶಗಳಿಂದ ಬಂದವರು.

ಇನ್ನೂ ನೋಡಬೇಕು ಅನ್ನಿಸಿದರೆ ಯಾವುದಾದರೂ ಶನಿವಾರ ಬೆಳಗ್ಗೆ ಸಬ್ಬತ್ ಶಾಲೆಯ ಹೊತ್ತಿಗೆ ಒಳಗೆ ಹೋಗಿ ಹಿಂದೆ ಕೂತುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಕಾಣಿಕೆ ಎತ್ತುವ ಮುಂಚೆ ಯಾವುದೋ ದೂರದ ದೇಶದ ಮಿಷನ್ ಕಥೆಯೊಂದನ್ನು ಓದುತ್ತಾರೆ. ಮೂರು ತಿಂಗಳಿಗೊಮ್ಮೆಯ ವಿಶೇಷ ಕಾಣಿಕೆಯಲ್ಲಿ ಒಂದು ಪಾಲು ಮುಂಚೆಯೇ ಗೊತ್ತು ಮಾಡಿದ ಒಂದು ಪ್ರದೇಶಕ್ಕೆ ಹೋಗುತ್ತದೆ. ಈ ಸಲ ಯಾವ ದೇಶ ಅಂತ ಪಕ್ಕದವರನ್ನು ಕೇಳಿ ನೋಡಿ.